ಯಾದಗಿರಿ ಜಿಲ್ಲೆಯಲ್ಲಿ ಸಾರ್ವಜನಿಕ ಆರೋಗ್ಯ

ಯಾದಗಿರಿ ಜಿಲ್ಲೆಯು ಕರ್ನಾಟಕದ ಈಶಾನ್ಯ ಭಾಗದಲ್ಲಿ, ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಸೇರಿದ ಒಂದು ಜಿಲ್ಲೆ. ಜಿಲ್ಲೆಯ ಸಾರ್ವಜನಿಕ ಆರೋಗ್ಯದ ಪ್ರಮುಖ ಸಮಸ್ಯೆಗಳು ಕುಡಿಯುವ ನೀರು, ತಾಯಿ ಮತ್ತು ಮಕ್ಕಳ ಪೌಷ್ಟಿಕತೆ ಹಾಗೂ ಗುಳೆ ಹೋಗುವ ಕುಟುಂಬಗಳಿಗೆ ಸೇವೆ ತಲುಪಿಸುವ ವಿಷಯಗಳಿಗೆ ಸಂಬಂಧಿಸಿವೆ. ಇವುಗಳಲ್ಲಿ ಬಹುಪಾಲು ಆಸ್ಪತ್ರೆಯ ಹೊರಗೆ ಹುಟ್ಟುವ ಸಮಸ್ಯೆಗಳಾದ್ದರಿಂದ ಇಲ್ಲಿನ ಆರೋಗ್ಯ ಕಾರ್ಯಕ್ರಮಗಳು ನೀರು ಪೂರೈಕೆ, ಶಾಲೆ ಮತ್ತು ಅಂಗನವಾಡಿಗಳೊಂದಿಗೆ ನಿಕಟವಾಗಿ ಹೆಣೆದುಕೊಂಡಿವೆ.

ಹಿನ್ನೆಲೆ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಗುಲ್ಬರ್ಗಾ ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯವನ್ನು ಸೇರಿದವು. 2009-10ರಲ್ಲಿ ಈ ಮೂರು ತಾಲ್ಲೂಕುಗಳನ್ನು ಬೇರ್ಪಡಿಸಿ ರಾಜ್ಯದ 30ನೆಯ ಜಿಲ್ಲೆಯನ್ನು ರಚಿಸಲಾಯಿತು. ಅನಂತರ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ಹೊಸ ತಾಲ್ಲೂಕುಗಳಾದವು.

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ. ಇವರಲ್ಲಿ ಐದನೆಯ ನಾಲ್ಕು ಭಾಗಕ್ಕಿಂತ ಹೆಚ್ಚು ಜನ ಗ್ರಾಮೀಣ ಪ್ರದೇಶದಲ್ಲಿ ವಾಸಿಸುತ್ತಾರೆ. ಸಾಕ್ಷರತೆಯ ಪ್ರಮಾಣ ಸುಮಾರು ಶೇ. 52 ಇದ್ದು, ಆ ಗಣತಿಯಲ್ಲಿ ರಾಜ್ಯದಲ್ಲೇ ಅತ್ಯಂತ ಕಡಿಮೆಯಾಗಿತ್ತು. ಹಳ್ಳಿಗಳ ಜೊತೆಗೆ ತಾಂಡಾ ಮತ್ತು ದೊಡ್ಡಿಗಳೆಂಬ ಚದುರಿದ ಸಣ್ಣ ವಸತಿಗಳಿರುವುದು ಈ ಭಾಗದ ವೈಶಿಷ್ಟ್ಯ. ಕಂದಾಯ ಗ್ರಾಮದಿಂದ ದೂರವಿರುವ ಇಂತಹ ವಸತಿಗಳಿಗೆ ಕೊಳವೆ ನೀರು, ರಸ್ತೆ ಹಾಗೂ ಆರೋಗ್ಯ ಸೇವೆ ತಡವಾಗಿ ತಲುಪುವುದು ಸಾಮಾನ್ಯ.

ಆರೋಗ್ಯ ಸೇವೆಗಳ ರಚನೆ

ರಾಜ್ಯದ ಇತರ ಜಿಲ್ಲೆಗಳಂತೆ ಇಲ್ಲಿಯೂ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆ ಎಂಬ ಹಂತಗಳಿವೆ. ಬಯಲು ಪ್ರದೇಶದ ರಾಷ್ಟ್ರೀಯ ಮಾನದಂಡದಂತೆ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು 1.2 ಲಕ್ಷ ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಶಹಾಪುರ ಮತ್ತು ಸುರಪುರದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಜಿಲ್ಲಾ ಆಸ್ಪತ್ರೆ ಯಾದಗಿರಿಯಲ್ಲಿದೆ.

ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2022-23ನೆಯ ಶೈಕ್ಷಣಿಕ ವರ್ಷದಲ್ಲಿ 150 ಎಂ.ಬಿ.ಬಿ.ಎಸ್. ಸೀಟುಗಳೊಂದಿಗೆ ಆರಂಭವಾಯಿತು. ಹೊಸ ವೈದ್ಯಕೀಯ ಕಾಲೇಜುಗಳ ಸ್ಥಾಪನೆಗಾಗಿ ಇರುವ ಕೇಂದ್ರ ಪುರಸ್ಕೃತ ಯೋಜನೆಯ ಮೂರನೆಯ ಹಂತದಲ್ಲಿ ಇದಕ್ಕೆ ಅನುಮೋದನೆ ದೊರೆತಿತ್ತು. ಅದಕ್ಕೂ ಮೊದಲು ತಜ್ಞ ಚಿಕಿತ್ಸೆ ಬೇಕಾದ ರೋಗಿಗಳು ಹೆಚ್ಚಾಗಿ ಕಲಬುರಗಿ, ರಾಯಚೂರು ಅಥವಾ ಹೈದರಾಬಾದಿಗೆ ಹೋಗಬೇಕಾಗಿತ್ತು.

ನೀತಿಯ ಚೌಕಟ್ಟು

ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆಂದು ನೇಮಿಸಲಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ರಾಜ್ಯದ 39 ತಾಲ್ಲೂಕುಗಳನ್ನು ಅದು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲಿದ್ದವು. ಯಾದಗಿರಿ, ಶಹಾಪುರ ಮತ್ತು ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು.

2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೆಯ ತಿದ್ದುಪಡಿಯು 371(ಜೆ) ವಿಧಿಯನ್ನು ಸೇರಿಸಿ, ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡಿತು. ಇದರ ಫಲವಾಗಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. 2019ರಲ್ಲಿ ಪ್ರದೇಶದ ಹೆಸರು ಬದಲಾದ ಬಳಿಕ ಅದನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂದು ಕರೆಯಲಾಗುತ್ತಿದೆ. ಆಸ್ಪತ್ರೆ ಕಟ್ಟಡ, ಉಪಕರಣ ಮತ್ತು ಆಂಬುಲೆನ್ಸ್‌ಗಳಂತಹ ಅಗತ್ಯಗಳಿಗೆ ಮಂಡಳಿಯ ಅನುದಾನ ಬಳಕೆಯಾಗುತ್ತದೆ. ಆರೋಗ್ಯ ಸೌಲಭ್ಯಗಳನ್ನು ಮೇಲ್ದರ್ಜೆಗೇರಿಸುವ ಮಂಡಳಿಯ ‘ಆರೋಗ್ಯ ಆವಿಷ್ಕಾರ’ ಕಾರ್ಯಕ್ರಮಕ್ಕೆ 2025ರ ಜೂನ್‌ನಲ್ಲಿ ಯಾದಗಿರಿಯಲ್ಲಿ ಚಾಲನೆ ನೀಡಲಾಯಿತು. ಇದೇ ವಿಧಿಯಡಿ ಪ್ರದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟುಗಳು ಮೀಸಲಾಗಿವೆ. ಸರ್ಕಾರಿ ನೇಮಕಾತಿಯಲ್ಲಿಯೂ ಹುದ್ದೆಯ ದರ್ಜೆಗೆ ಅನುಗುಣವಾಗಿ ಶೇ. 75ರಿಂದ 85ರವರೆಗೆ ಸ್ಥಳೀಯ ಮೀಸಲಾತಿ ಇದೆ. ಸ್ಥಳೀಯವಾಗಿ ನೆಲೆಸುವ ವೈದ್ಯರು ಮತ್ತು ಶುಶ್ರೂಷಕರನ್ನು ಬೆಳೆಸುವುದು ಈ ಮೀಸಲಾತಿಯ ಒಂದು ಉದ್ದೇಶ.

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಆಯ್ಕೆಯಾದವು. ಜಿಲ್ಲೆಗಳ ಪ್ರಗತಿಯನ್ನು ಅಳೆಯುವ 49 ಸೂಚಕಗಳಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಗೆ ಶೇ. 30ರಷ್ಟು ಪ್ರಾಧಾನ್ಯವಿದೆ.

ಬಡ ಕುಟುಂಬಗಳ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ರಾಜ್ಯದಲ್ಲೇ ಮೊದಲಿಗೆ ಗುಲ್ಬರ್ಗಾ ವಿಭಾಗದಲ್ಲಿ ಜಾರಿಗೆ ಬಂದಿತು. ಯೋಜನೆ ಜಾರಿಯಲ್ಲಿದ್ದ ಮತ್ತು ಇನ್ನೂ ಜಾರಿಯಾಗದ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದರಂತೆ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡವರಲ್ಲಿ ಸಂಭವಿಸುವ ಸಾವಿನ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. 2018ರಲ್ಲಿ ಇಂತಹ ಯೋಜನೆಗಳೆಲ್ಲ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು, ಬಳಿಕ ಅದು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ವಾಯಿತು.

ಕುಡಿಯುವ ನೀರು ಮತ್ತು ಆರೋಗ್ಯ

ನಾರು ಹುಣ್ಣು

ನಾರು ಹುಣ್ಣು ಒಂದು ಕಾಲದಲ್ಲಿ ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳ ಗ್ರಾಮೀಣ ಜನರನ್ನು ಕಾಡಿದ ರೋಗ. ಮೆಟ್ಟಿಲು ಬಾವಿಗಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿಯ ಮೂಲಕ ಹುಳುವಿನ ಮರಿ ದೇಹವನ್ನು ಸೇರುತ್ತದೆ. ಸುಮಾರು ಒಂದು ವರ್ಷದ ಬಳಿಕ ಬೆಳೆದ ಹುಳು ಸಾಮಾನ್ಯವಾಗಿ ಕಾಲಿನ ಚರ್ಮವನ್ನು ಭೇದಿಸಿ ಹೊರಬರುತ್ತದೆ. ಹುಣ್ಣಾದ ಕಾಲನ್ನು ರೋಗಿ ಮತ್ತೆ ಬಾವಿಯ ನೀರಿನಲ್ಲಿ ಇಳಿಸಿದಾಗ ಮರಿಗಳು ನೀರಿಗೆ ಸೇರಿ ರೋಗಚಕ್ರ ಮುಂದುವರಿಯುತ್ತದೆ. ಇದಕ್ಕೆ ಲಸಿಕೆಯಾಗಲಿ, ಹುಳುವನ್ನು ಕೊಲ್ಲುವ ಔಷಧಿಯಾಗಲಿ ಇಲ್ಲ.

1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ನೀರಿನ ಮೂಲವನ್ನೇ ಗುರಿಯಾಗಿಸಿಕೊಂಡಿತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸುವುದು, ಕೈಪಂಪುಗಳನ್ನು ಅಳವಡಿಸುವುದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಂತೆ ತಿಳಿಹೇಳುವುದು ಮತ್ತು ಸೈಕ್ಲಾಪ್ಸ್ ನಾಶಕ್ಕೆ ಟೆಮೆಫಾಸ್ ಬಳಸುವುದು ಅದರ ಮುಖ್ಯ ಕ್ರಮಗಳಾಗಿದ್ದವು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತ ಎಂದು ಪ್ರಮಾಣೀಕರಿಸಿತು.

ಕಿರದಳ್ಳಿ ತಾಂಡಾದ ಆರ್ಸೆನಿಕ್ ಸಮಸ್ಯೆ

ತೆರೆದ ಬಾವಿಯಿಂದ ಕೊಳವೆಬಾವಿಗೆ ಆದ ಬದಲಾವಣೆಯು ನಾರು ಹುಣ್ಣನ್ನು ತಡೆಯಿತಾದರೂ, ಕೆಲವೆಡೆ ಆಳದ ನೀರಿನಲ್ಲಿ ಬೇರೆ ಬಗೆಯ ಅಪಾಯವಿತ್ತು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಇದಕ್ಕೆ ಪ್ರಮುಖ ಉದಾಹರಣೆ. ಈ ತಾಂಡಾ ಮಂಗಳೂರು ಎಂಬ ಗ್ರಾಮದ ಸಮೀಪದ, ಈಗ ಮುಚ್ಚಿರುವ ಚಿನ್ನದ ಗಣಿ ಪ್ರದೇಶದ ಬಳಿ ಇದೆ (ಇದು ದಕ್ಷಿಣ ಕನ್ನಡದ ಮಂಗಳೂರು ನಗರವಲ್ಲ). ಚಿನ್ನದ ಅದಿರಿರುವ ಶಿಲೆಗಳಲ್ಲಿ ಆರ್ಸೆನಿಕ್ ಹೊಂದಿದ ಖನಿಜಗಳೂ ಇರುವುದು ಸಾಮಾನ್ಯ.

ಜಾದವಪುರ ವಿಶ್ವವಿದ್ಯಾಲಯದ ವಿಜ್ಞಾನಿ ದೀಪಂಕರ್ ಚಕ್ರವರ್ತಿ ಮತ್ತು ಸಹೋದ್ಯೋಗಿಗಳು ಇಲ್ಲಿ ನಡೆಸಿದ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಅದರ ಮುಖ್ಯ ಅಂಶಗಳು ಹೀಗಿವೆ:

• ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ.
• ತಪಾಸಣೆಗೆ ಒಳಪಟ್ಟ 181 ಜನರಲ್ಲಿ ಶೇ. 58.6 ಮಂದಿಗೆ ಆರ್ಸೆನಿಕ್‌ನಿಂದಾಗುವ ಚರ್ಮದ ಲಕ್ಷಣಗಳಿದ್ದವು.
• 171 ನಿವಾಸಿಗಳಿಂದ ಸಂಗ್ರಹಿಸಿದ ಕೂದಲು ಮತ್ತು ಉಗುರಿನ ಎಲ್ಲ ಮಾದರಿಗಳಲ್ಲಿಯೂ ಆರ್ಸೆನಿಕ್ ಪ್ರಮಾಣ ಅಧಿಕವಾಗಿತ್ತು.
• ಮೇಲ್ಮಣ್ಣಿನ 12 ಮಾದರಿಗಳಲ್ಲಿ 6ರಲ್ಲಿ ಕಿಲೋಗ್ರಾಂಗೆ 2,000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಇದು ಗಣಿ ತ್ಯಾಜ್ಯದ ಪರಿಣಾಮವಿರಬಹುದು ಎಂದು ಸಂಶೋಧಕರು ಸೂಚಿಸಿದರು.

ಕಲುಷಿತ ಅಂತರ್ಜಲವೇ ವಿಷಪ್ರಾಶನದ ಮುಖ್ಯ ಮಾರ್ಗವೆಂದು ಅಧ್ಯಯನವು ಊಹಿಸಿತು. ವಾಸದ ಪರಿಸರದ ಮಣ್ಣು ದೇಹ ಸೇರುವುದೂ ಗಣನೀಯ ಕಾರಣವಾಗಿರಬಹುದು ಎಂದಿತು. ಶಿಲೆಯ ಸಹಜ ಗುಣ ಮತ್ತು ಗಣಿಗಾರಿಕೆ ಇವೆರಡರ ಪಾಲು ಎಷ್ಟೆಷ್ಟು ಎಂಬುದನ್ನು ನಿರ್ಧರಿಸಲು ಹೆಚ್ಚಿನ ಸಂಶೋಧನೆ ಬೇಕೆಂದು ಅದು ಹೇಳಿತು.

ಆರ್ಸೆನಿಕ್ ಬೆರೆತ ನೀರಿಗೆ ಬಣ್ಣ, ವಾಸನೆ, ರುಚಿಗಳ ವ್ಯತ್ಯಾಸವಿರುವುದಿಲ್ಲ. ಕುದಿಸುವುದರಿಂದ ಅದು ಹೋಗುವುದಿಲ್ಲ. ದೀರ್ಘಕಾಲ ಸೇವಿಸಿದವರ ಎದೆ ಮತ್ತು ಬೆನ್ನಿನ ಮೇಲೆ ಕಪ್ಪು-ಬಿಳಿ ಮಚ್ಚೆಗಳು, ಅಂಗೈ ಮತ್ತು ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು ಕಾಣಿಸಿಕೊಳ್ಳುತ್ತವೆ. ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ತಗಲುವ ಸಂಭವವೂ ಹೆಚ್ಚುತ್ತದೆ. ಈ ಮಚ್ಚೆ ಮತ್ತು ಗಂಟುಗಳು ಅಂಟುರೋಗವಲ್ಲ. ಸುರಕ್ಷಿತ ನೀರಿಗೆ ಬದಲಾಗುವುದು ಮತ್ತು ಉತ್ತಮ ಆಹಾರ ಸೇವಿಸುವುದು ಮುಖ್ಯ ಪರಿಹಾರ. ಆದರೆ ಹಲವು ವರ್ಷಗಳ ಸೇವನೆಯ ಪರಿಣಾಮ ನೀರು ಬದಲಾದ ಮೇಲೂ ಕಾಣಿಸಿಕೊಳ್ಳಬಹುದಾದ್ದರಿಂದ ನಿಯಮಿತ ತಪಾಸಣೆ ಅಗತ್ಯ.

ಫ್ಲೋರೈಡ್ ಮತ್ತು ವಾಂತಿಭೇದಿ

ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಇದು ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳನ್ನೂ, ದೀರ್ಘಕಾಲದಲ್ಲಿ ಮೂಳೆ ಮತ್ತು ಕೀಲುಗಳ ಬಿಗಿತವನ್ನೂ ಉಂಟುಮಾಡುತ್ತದೆ. ಇಂತಹ ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಲಾಗಿದೆ. ಘಟಕದ ಪ್ರಯೋಜನವು ಅದರ ನಿರಂತರ ನಿರ್ವಹಣೆಯನ್ನು ಅವಲಂಬಿಸಿದೆ. ಅದು ಕೆಟ್ಟು ನಿಂತರೆ ಜನ ಹಳೆಯ ಕೊಳವೆಬಾವಿಗೆ ಮರಳುತ್ತಾರೆ.

ಕೊಳವೆ ಒಡೆದು ಚರಂಡಿ ನೀರು ಸೇರುವುದರಿಂದ ಬೇಸಿಗೆ ಮತ್ತು ಮಳೆಗಾಲದ ಆರಂಭದಲ್ಲಿ ವಾಂತಿಭೇದಿ ಪ್ರಕರಣಗಳು ಕಾಣಿಸಿಕೊಳ್ಳುತ್ತವೆ. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರ ಗ್ರಾಮದಲ್ಲಿ ಕಲುಷಿತ ನೀರಿನಿಂದ ಹಲವರು ಅಸ್ವಸ್ಥರಾಗಿ, ಸಾವುಗಳೂ ವರದಿಯಾದವು.

ಬಹುಗ್ರಾಮ ಕುಡಿಯುವ ನೀರಿನ ಯೋಜನೆ

ಅಂತರ್ಜಲದ ಬದಲು ನದಿಯ ನೀರನ್ನು ಶುದ್ಧೀಕರಿಸಿ ಪೂರೈಸುವುದು ಈ ಸಮಸ್ಯೆಗಳಿಗೆ ಶಾಶ್ವತ ಪರಿಹಾರವೆಂದು ಪರಿಗಣಿಸಲಾಗಿದೆ. ಜಲಜೀವನ ಮಿಷನ್ ಅಡಿಯಲ್ಲಿ ಯಾದಗಿರಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ನೆರವೇರಿಸಿದರು. 2,050 ಕೋಟಿ ರೂಪಾಯಿಗೂ ಅಧಿಕ ವೆಚ್ಚದ ಈ ಯೋಜನೆಯಲ್ಲಿ ದಿನಕ್ಕೆ 11.7 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕ ಸೇರಿದೆ. 700ಕ್ಕೂ ಹೆಚ್ಚು ಗ್ರಾಮೀಣ ವಸತಿಗಳು ಮತ್ತು ಮೂರು ಪಟ್ಟಣಗಳ ಸುಮಾರು 2.3 ಲಕ್ಷ ಮನೆಗಳಿಗೆ ನೀರು ಒದಗಿಸುವುದು ಇದರ ಗುರಿ.

ಪೌಷ್ಟಿಕತೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಇದೇ ಸಮೀಕ್ಷೆಯಲ್ಲಿ ರಾಜ್ಯದ ಸರಾಸರಿ ಸುಮಾರು ಶೇ. 35. ಬಾಲ್ಯವಿವಾಹ, ಗರ್ಭಿಣಿಯರಲ್ಲಿ ರಕ್ತಹೀನತೆ, ಮೇಲಿಂದ ಮೇಲೆ ಬರುವ ಭೇದಿ ಮತ್ತು ಆಹಾರದಲ್ಲಿ ಪ್ರೋಟೀನ್ ಕೊರತೆ ಇಂತಹ ಕುಂಠಿತ ಬೆಳವಣಿಗೆಗೆ ಪರಸ್ಪರ ಪೂರಕವಾದ ಕಾರಣಗಳು. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡಲಾಗುತ್ತದೆ.

2021ರ ಡಿಸೆಂಬರ್‌ನಲ್ಲಿ ಯಾದಗಿರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ನೀಡುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ನೀಡಲಾಯಿತು. ಕೆಲವು ಮಠಾಧೀಶರು ಯೋಜನೆಯನ್ನು ವಿರೋಧಿಸಿದರು. ವಿದ್ಯಾರ್ಥಿಗಳು ಮತ್ತು ಆಹಾರದ ಹಕ್ಕಿನ ಪರವಾದ ಸಂಘಟನೆಗಳು ಮೊಟ್ಟೆಯನ್ನು ಬೆಂಬಲಿಸಿದವು. ಗದಗದ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಪಡೆಯದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ ಅಧ್ಯಯನ ನಡೆಸಿತು. 8ನೆಯ ತರಗತಿಯ ಬಾಲಕಿಯರಲ್ಲಿ ತೂಕದ ಹೆಚ್ಚಳವು ಗದಗಕ್ಕಿಂತ ಯಾದಗಿರಿಯಲ್ಲಿ ಶೇ. 71ರವರೆಗೆ ಅಧಿಕವಾಗಿತ್ತೆಂದು ಅದು ವರದಿ ಮಾಡಿತು. 2022ರಲ್ಲಿ ಯೋಜನೆಯನ್ನು ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ವ್ಯವಸ್ಥೆ ಬಂದಿತು.

ಸಮುದಾಯ ಆರೋಗ್ಯ ಕಾರ್ಯಕರ್ತರು

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಸುಮಾರು ಸಾವಿರ ಜನರಿಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರ ನೇಮಕವಾಯಿತು. ಗರ್ಭಿಣಿಯ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಕೊಡಿಸುವುದು, ಹೆರಿಗೆಗೆ ಆಸ್ಪತ್ರೆಗೆ ಕರೆತರುವುದು, ಬಾಣಂತಿ ಮತ್ತು ನವಜಾತ ಶಿಶುವಿನ ಮನೆಭೇಟಿ, ಲಸಿಕೆ ಹಾಗೂ ಕ್ಷಯರೋಗಿಗಳ ಔಷಧ ಸೇವನೆಯ ಮೇಲ್ವಿಚಾರಣೆ ಇವರ ಮುಖ್ಯ ಕೆಲಸಗಳು. ಇವರು ಉಪಕೇಂದ್ರದ ಆರೋಗ್ಯ ಸಿಬ್ಬಂದಿ ಮತ್ತು ಅಂಗನವಾಡಿ ಕಾರ್ಯಕರ್ತೆಯರೊಂದಿಗೆ ಸೇರಿ ಕೆಲಸ ಮಾಡುತ್ತಾರೆ. ಕಾಯಂ ವೇತನದ ಬದಲು ಗೌರವಧನ ಮತ್ತು ಪ್ರೋತ್ಸಾಹಧನ ಪಡೆಯುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಧರಣಿ ನಡೆಸಿದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತರಿಪಡಿಸುವ ಭರವಸೆಯನ್ನು ಸರ್ಕಾರ ನೀಡಿದ ಬಳಿಕ ಧರಣಿ ಕೊನೆಗೊಂಡಿತು.

ಪ್ರತಿ ಗ್ರಾಮದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಇರಬೇಕೆಂಬ ನಿಯಮವಿದೆ. ಅದಕ್ಕೆ ಒದಗುವ ಮುಕ್ತ ನಿಧಿಯನ್ನು ನೀರಿನ ಪರೀಕ್ಷೆ ಮತ್ತು ಸ್ವಚ್ಛತೆಯಂತಹ ಸ್ಥಳೀಯ ಅಗತ್ಯಗಳಿಗೆ ಬಳಸಬಹುದು.

ಗುಳೆ ಮತ್ತು ಸೇವೆಯ ನಿರಂತರತೆ

ಸುಗ್ಗಿ ಮುಗಿದ ಮೇಲೆ ಜಿಲ್ಲೆಯ ಸಾವಿರಾರು ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ ಮತ್ತು ಹೈದರಾಬಾದ್‌ಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಊರಿನಲ್ಲಿ ನೋಂದಾಯಿತಳಾದ ಗರ್ಭಿಣಿ ಕೆಲಸದ ಸ್ಥಳದಲ್ಲಿ ಯಾವ ಅಂಗನವಾಡಿಯ ಪಟ್ಟಿಯಲ್ಲೂ ಇರದೆ ಹೋಗಬಹುದು. ಮಗುವಿನ ಲಸಿಕೆಯ ಒಂದೆರಡು ಸುತ್ತು ತಪ್ಪಬಹುದು, ಕ್ಷಯರೋಗಿಯ ಚಿಕಿತ್ಸೆ ನಡುವೆಯೇ ನಿಲ್ಲಬಹುದು. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕುವ ಇಂದ್ರಧನುಷ್ ಅಭಿಯಾನವು ಕಟ್ಟಡ ಕಾಮಗಾರಿಯ ಸ್ಥಳ ಮತ್ತು ಇಟ್ಟಿಗೆ ಗೂಡುಗಳಲ್ಲಿರುವ ವಲಸೆ ಕುಟುಂಬಗಳಿಗೆ ಆದ್ಯತೆ ನೀಡುತ್ತದೆ. ತಾಯಿ ಕಾರ್ಡನ್ನು ಜೊತೆಗೊಯ್ದರೆ ಯಾವುದೇ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮತ್ತು ಲಸಿಕೆಯನ್ನು ಮುಂದುವರಿಸಬಹುದು.