ಎಣ್ಣೆಯ ಅಳತೆಯೋ, ಪೆಟ್ರೋಲಿನ ಗುಣವೋ? ಟೂ-ಸ್ಟ್ರೋಕ್ ಚೈನ್‌ಸಾ ಚರಿತ್ರೆಯ ಒಂದು ತಪ್ಪು ಓದು: ಮುದಗಲ್ ಸೀಮೆಯ ಹಿನ್ನೆಲೆಯಲ್ಲಿ

ಸೀಜ್ ಆದ (ಪಿಸ್ಟನ್ ಕಚ್ಚಿಕೊಂಡು ನಿಂತ) ಚೈನ್‌ಸಾ ಹಿಡಿದು ಮುದಗಲ್, ಲಿಂಗಸುಗೂರು, ಸಿಂಧನೂರಿನ ಯಾವ ರಿಪೇರಿ ಅಂಗಡಿಗೆ ಹೋದರೂ ಮೊದಲು ಕೇಳಿಬರುವ ಕಾರಣ ಒಂದೇ: "ಎಣ್ಣಿ ಕಡಿಮಿ ಬಿದ್ದೈತ್ರಿ." ಅಂಗಡಿಯ ಮಾತು ಅಂಗಡಿಯಲ್ಲೇ ಉಳಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಯೆಜ್ಡಿ, ಲೂನಾ, ಟಿವಿಎಸ್ 50 ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗೆ ಟೂ-ಸ್ಟ್ರೋಕ್ ಎಂದೊಡನೆ ಆಯಿಲ್ ನೆನಪಾಗುವುದು ಸಹಜವೇ. ಆದರೆ ಕೃಷಿ ಯಂತ್ರಗಳ ಬಗ್ಗೆ ಬರೆಯುವವರೂ ಇದನ್ನು ಸಿದ್ಧ ಸತ್ಯದಂತೆ ಎತ್ತಿಕೊಂಡು, ತಯಾರಕರ ಕೈಪಿಡಿಯನ್ನೇ ಸಾಕ್ಷಿಗೆ ಕರೆದಿದ್ದಾರೆ. ಆ ಸಾಕ್ಷಿ ಹೇಳುವುದೇ ಬೇರೆ.

ಸಾಕ್ಷಿಯನ್ನು ನೋಡೋಣ. ಸ್ಟಿಲ್ ಕಂಪನಿಯ ಕೈಪಿಡಿಗಳಲ್ಲಿ ಇಂಧನದ ಪುಟದಲ್ಲಿ ಎರಡು ಅಳತೆಗಳಿವೆ: ಕಂಪನಿಯದೇ ಎಣ್ಣೆಯಾದರೆ 1:50, ಬೇರೆ ಒಳ್ಳೆಯ ಬ್ರಾಂಡಿನದಾದರೆ 1:25. ಅಂದರೆ ಲೀಟರು ಪೆಟ್ರೋಲಿಗೆ 20 ಎಂಎಲ್, ಇಲ್ಲವೇ 40 ಎಂಎಲ್. ಹಸ್ಕ್‌ವರ್ನಾ ಕೈಪಿಡಿಗಳಲ್ಲಿ ಇದೇ ಜೋಡಿ 1:50 ಮತ್ತು 1:33. ನಮ್ಮ ಎಣ್ಣೆವಾದಿಗಳು ಇದರಿಂದ ತೆಗೆಯುವ ತೀರ್ಮಾನ ಹೀಗೆ: ಯಂತ್ರಕ್ಕೆ ನಿಜವಾಗಿ ಬೇಕಾದದ್ದು 1:25, 1:50 ಎನ್ನುವುದು ಕಂಪನಿಯ ವ್ಯಾಪಾರದ ಜಾಣತನ, ಆದ್ದರಿಂದ ಎಣ್ಣೆ ಹೆಚ್ಚಾದಷ್ಟೂ ಆಯುಷ್ಯ ಹೆಚ್ಚು.

ಈ ಮೂರು ಮಾತುಗಳಲ್ಲಿ ಒಂದೂ ಆ ಪುಟದಲ್ಲಿಲ್ಲ. ಎರಡೂ ಅಳತೆ ಬರೆದಿರುವುದು ಒಂದೇ ಯಂತ್ರಕ್ಕೆ. ಅಂದಮೇಲೆ ಅಲ್ಲಿ ಬದಲಾಗುತ್ತಿರುವುದು ಯಂತ್ರದ ಅಗತ್ಯವಲ್ಲ, ಎಣ್ಣೆಯ ಮೇಲಿನ ಭರವಸೆ. ಟೂ-ಸ್ಟ್ರೋಕ್ ಎಣ್ಣೆಗಳಿಗೆ ಜಪಾನಿನ ಜಾಸೋ ಸಂಸ್ಥೆ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ದರ್ಜೆಗಳನ್ನು ಗೊತ್ತುಮಾಡಿದೆ. ಹೊಗೆ, ಮಸಿ ಇವು ದರ್ಜೆಯಿಂದ ದರ್ಜೆಗೆ ಬದಲಾಗುತ್ತವೆ. ಗಿರಾಕಿ ಯಾವ ಡಬ್ಬಿ ತರುತ್ತಾನೋ ಕಂಪನಿಗೆ ಗೊತ್ತಿಲ್ಲ, ಹಾಗಾಗಿ ಎರಡು ಪಟ್ಟು ಹಾಕಿಸುತ್ತದೆ. ವ್ಯಾಪಾರದ ಜಾಣತನ ಅದರಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಜಾಣತನ ಇದ್ದರೂ ಅದರಿಂದ 1:25 ಶ್ರೇಷ್ಠ ಎಂದು ಸಿದ್ಧವಾಗುವುದಿಲ್ಲ, ಅಷ್ಟೇ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪಂಗಡವೂ ಇದೆ. ಎಣ್ಣೆ ಹೆಚ್ಚಾದರೆ ಆ ಜಾಗದಲ್ಲಿ ಪೆಟ್ರೋಲು ಕಡಿಮೆಯಾಗಿ ಗಾಳಿ–ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಸೀಜ್ ಆಗುತ್ತದೆ ಎನ್ನುವುದು ಇವರ ವಾದ. ದಿಕ್ಕು ಸರಿ, ಪ್ರಮಾಣ ತಪ್ಪು. 1:50ರಲ್ಲಿ ಪೆಟ್ರೋಲಿನ ಪಾಲು ಶೇ. 98, 1:25ರಲ್ಲಿ ಶೇ. 96ಕ್ಕಿಂತ ತುಸು ಹೆಚ್ಚು. ವ್ಯತ್ಯಾಸ ಶೇ. 2. ಇಷ್ಟರಿಂದಲೇ ಸುಸ್ಥಿತಿಯ ಪಿಸ್ಟನ್ ಹಾಳಾಗುವುದಿಲ್ಲ.

ಎರಡೂ ಪಂಗಡದವರು ಅದೇ ಕೈಪಿಡಿಯಲ್ಲಿ ಇಂಧನದ ಬಗ್ಗೆಯೇ ಇರುವ ಇನ್ನೊಂದು ಸೂಚನೆಯನ್ನು ಬಿಟ್ಟಿದ್ದಾರೆ. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬೋರೇಟರ್ ಇರುವ ಎಂಜಿನ್ನಿಗೆ ಶೇ. 10ಕ್ಕಿಂತ ಹೆಚ್ಚು ಎಥೆನಾಲ್ ಇರುವ ಪೆಟ್ರೋಲ್ ಬೇಡ ಎಂದು ಸ್ಟಿಲ್ ಕೈಪಿಡಿಗಳು ಎಚ್ಚರಿಸುತ್ತವೆ. ತನ್ನನ್ನು ತಾನೇ ಹೊಂದಿಸಿಕೊಳ್ಳುವ ಎಂ-ಟ್ರಾನಿಕ್ ಯಂತ್ರಗಳಿಗೆ ಮಾತ್ರ ಶೇ. 25ರವರೆಗೆ, ಈಚಿನ ಆವೃತ್ತಿಗಳಲ್ಲಿ ಶೇ. 27ರವರೆಗೆ ಅನುಮತಿ ಇದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಮುಖ್ಯ ಆಕರ ಇದು. ಎಣ್ಣೆಯ ಪಟ್ಟಿ ಅದರ ಪಕ್ಕದ ಗೌಣ ಟಿಪ್ಪಣಿ.

ಕಾರಣ ಲೆಕ್ಕದಲ್ಲಿದೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಸಾಕು. ಶೇ. 20 ಎಥೆನಾಲ್ ಬೆರೆತಾಗ ಈ ಅಂಕಿ ಸುಮಾರು 13.5ಕ್ಕೆ ಇಳಿಯುತ್ತದೆ. ಕಾರ್ಬೋರೇಟರ್ ಜೆಟ್ಟಿನ ತೂತು ಅಷ್ಟೇ ಇದ್ದು, ಒಳಬರುವ ಗಾಳಿಯೂ ಅಷ್ಟೇ ಇದ್ದರೆ, ಶುದ್ಧ ಪೆಟ್ರೋಲಿಗೆ ಹೊಂದಿಸಿದ ಯಂತ್ರದ ಮಿಶ್ರಣ ಶೇ. 7–8ರಷ್ಟು ತೆಳುವಾಗುತ್ತದೆ. ಶೇ. 10ರ ಮಿಶ್ರಣಕ್ಕೆ ಹೊಂದಿಸಿದ್ದರೆ ಇದರ ಅರ್ಧದಷ್ಟು. ಆವಿಯಾಗುವಾಗ ಎಥೆನಾಲ್ ಹೆಚ್ಚು ಶಾಖ ಹೀರಿಕೊಂಡು ಎಂಜಿನ್ನಿಗೆ ತುಸು ತಂಪು ಕೊಡುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಹಾಗಿದ್ದರೂ ಎಣ್ಣೆಯ ಶೇ. 2ರ ಮುಂದೆ ಈ ಅಂಕಿ ದೊಡ್ಡದು. ಎಥೆನಾಲಿಗೆಂದು ಮಾಡದ ರಬ್ಬರ್ ಪೈಪು, ಡಯಾಫ್ರಮ್‌ಗಳು ಬಿರುಸಾಗಿ ಗಾಳಿ ಸೋರತೊಡಗಿದರೆ ಮಿಶ್ರಣ ಇನ್ನೂ ತೆಳುವಾಗುತ್ತದೆ.

ಈ ಪೆಟ್ರೋಲು ನಮ್ಮ ಬಂಕುಗಳಿಗೆ ಬಂದದ್ದು ಯಾವಾಗ? 2003ರಲ್ಲಿ ಶೇ. 5ರ ಮಿಶ್ರಣ ಆರಂಭಿಸಿದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇಶದ ಸರಾಸರಿ ಶೇ. 10 ಮುಟ್ಟಿದ್ದು 2022ರ ಜೂನ್‌ನಲ್ಲಿ. ಶೇ. 20ರ ಪೆಟ್ರೋಲಿಗೆ ಚಾಲನೆ ದೊರೆತದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ಅದೇ ಸಾಮಾನ್ಯ ಪೆಟ್ರೋಲಾಯಿತು. ಹಳೆಯ ಚೈನ್‌ಸಾ ಇದ್ದಂತೆಯೇ ಇತ್ತು, ಬದಲಾದದ್ದು ಅದರ ಟ್ಯಾಂಕಿಗೆ ಬೀಳುವ ಇಂಧನ.

ಈಗ ಪಿಸ್ಟನ್ನಿನ ಸಾಕ್ಷ್ಯ. ಸೀಜ್ ಆದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರೆ ಗೀರು ಯಾವ ಮಗ್ಗುಲಿಗಿದೆ ಎನ್ನುವುದು ಕಾಣುತ್ತದೆ. ಎಣ್ಣೆ ಹಾಕದೆ ಬರೀ ಪೆಟ್ರೋಲಿನಲ್ಲಿ ಓಡಿಸಿದ್ದರೆ ಸುತ್ತಲೂ ಗೀರು ಬಿದ್ದಿರುತ್ತದೆ. ಮಿಶ್ರಣ ತೆಳುವಾಗಿ ಕಾದಿದ್ದರೆ ಸೈಲೆನ್ಸರ್ ಕಡೆಯ ಮಗ್ಗುಲು ಮೊದಲು ಹರಿದಿರುತ್ತದೆ. ಏರ್ ಫಿಲ್ಟರ್ ಹರಿದು ಧೂಳು ನುಗ್ಗಿದ್ದರೆ ಕಾರ್ಬೋರೇಟರ್ ಕಡೆಯ ಮಗ್ಗುಲು ಹೊಳಪು ಕಳೆದುಕೊಂಡು ಸವೆದಿರುತ್ತದೆ. "ಬಳ್ಳಾರಿ ಜಾಲಿ ಧೂಳಿಗೆ ಫಿಲ್ಟರ್ ಕಟ್ಟಿ ಸೀಜ್ ಆಯಿತು" ಎನ್ನುವವರಿಗೆ ಇಷ್ಟು ಹೇಳಬೇಕು: ಫಿಲ್ಟರ್ ಕಟ್ಟಿದರೆ ಕಡಿಮೆಯಾಗುವುದು ಗಾಳಿ, ಮಿಶ್ರಣ ದಪ್ಪವಾಗುತ್ತದೆ. ಯಂತ್ರ ಹೊಗೆ ಕಾರಿ ಬಲ ಕಳೆದುಕೊಳ್ಳುತ್ತದೆಯೇ ಹೊರತು ಆ ಕಾರಣಕ್ಕೆ ಸೀಜ್ ಆಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಜಾಲಿಯ ಹೊಟ್ಟು, ಎಲೆ ಸಿಲಿಂಡರಿನ ಫಿನ್‌ಗಳ ನಡುವೆ ತುಂಬಿ ತಂಪು ತಪ್ಪಿದರೂ ಸೈಲೆನ್ಸರ್ ಮಗ್ಗುಲಿಗೇ ಗೀರು ಬೀಳುತ್ತದೆ. ಆದ್ದರಿಂದ ಫಿನ್, ಪೆಟ್ರೋಲ್ ಪೈಪು, ಸೀಲ್ ನೋಡದೆ ಪಿಸ್ಟನ್ ಒಂದನ್ನೇ ಹಿಡಿದು ತೀರ್ಪು ಕೊಡುವುದು ಅವಸರವಾಗುತ್ತದೆ.

ಎಥೆನಾಲನ್ನು ಒಪ್ಪಿದವರಲ್ಲೂ ಒಂದು ಎರವಲು ವಾದ ಓಡಾಡುತ್ತಿದೆ: ಎಥೆನಾಲ್ ಗಾಳಿಯ ತೇವ ಹೀರಿ, ನೀರು ತಳಕ್ಕಿಳಿದು ಯಂತ್ರ ಕೆಡುತ್ತದೆ ಎಂದು. ಮಳೆಗಾಲವೆಲ್ಲ ತೊಯ್ಯುವ ಮಲೆನಾಡಿನ ತೋಟದಲ್ಲಿ, ಅರ್ಧ ತುಂಬಿದ ಕ್ಯಾನು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿದ್ದರೆ ಇದಕ್ಕೆ ಅರ್ಥವಿದೆ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಒಣ ನೆಲಕ್ಕೆ, ಅದರಲ್ಲೂ ಪಾದರಸ 40 ಡಿಗ್ರಿ ದಾಟುವ ಬೇಸಿಗೆಗೆ, ಅದನ್ನು ಹಾಗೆಯೇ ತಂದು ಅಂಟಿಸುವುದು ಸಲ್ಲದು. ಇಲ್ಲಿನ ತೊಂದರೆ ಆವಿಯದು. ಇಲ್ಲಿ ಕೊಯ್ಯುವ ಬಳ್ಳಾರಿ ಜಾಲಿ ಬುಡದಿಂದಲೇ ಹಲವು ಕವಲೊಡೆದ ಕಂಟಿ. ಬಗ್ಗಿ, ಯಂತ್ರ ಓರೆ ಹಿಡಿದು, ಒಂದು ಕವಲು ಕೊಯ್ದು ನಿಲ್ಲಿಸಿ, ಮುಳ್ಳು ಸರಿಸಿ ಮತ್ತೆ ಹಗ್ಗ ಎಳೆಯುವ ಕೆಲಸ. ನಿಲ್ಲಿಸಿದಾಗ ಫ್ಯಾನಿನ ಗಾಳಿಯೂ ನಿಂತು ಸಿಲಿಂಡರಿನ ಬಿಸಿ ಕಾರ್ಬೋರೇಟರಿಗೆ ಏರುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಬಿಸಿ ಯಂತ್ರ ಮತ್ತೆ ಹಿಡಿಯದೆ ಸತಾಯಿಸುವುದು ಇದರಿಂದ.

ಇಂಧನ ವ್ಯವಸ್ಥೆಯ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಫ್ಲೋಟ್ ಕಾರ್ಬೋರೇಟರಿನ ಕಾಲದಲ್ಲಿ ಎಂಜಿನ್ ನೆಟ್ಟಗೇ ಇರಬೇಕಿತ್ತು. ಅಡ್ಡ ಕೊಯ್ಯಲು ಬಾರ್ ಮಾತ್ರ ತಿರುಗಿಸುತ್ತಿದ್ದರು. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದಲೇ ಪೆಟ್ರೋಲ್ ಎತ್ತುವ ಡಯಾಫ್ರಮ್ ಬಂದ ಮೇಲೆ ಯಂತ್ರ ಯಾವ ಓರೆಗೂ ಒಗ್ಗಿತು. ಎಚ್ (ಹೆಚ್ಚು ವೇಗದ) ಮತ್ತು ಎಲ್ (ಕಡಿಮೆ ವೇಗದ) ಸ್ಕ್ರೂಗಳಿಂದ ಮಿಶ್ರಣ ಹೊಂದಿಸುವ ಹೊಣೆ ಮೆಕ್ಯಾನಿಕ್‌ನ ಕಿವಿಗೆ ಬಿತ್ತು. 1990ರ ದಶಕದಲ್ಲಿ ಅಮೆರಿಕದ ಹೊಗೆ ನಿಯಮಗಳು ಬಂದಮೇಲೆ ಆ ಸ್ಕ್ರೂಗಳಿಗೆ ಮಿತಿಯ ಮುಚ್ಚಳ ಹತ್ತಿತು. ಮುಂದೆ ಎಂ-ಟ್ರಾನಿಕ್, ಹಸ್ಕ್‌ವರ್ನಾದ ಆಟೋಟ್ಯೂನ್ ಆ ಹೊಣೆಯನ್ನೇ ಎಲೆಕ್ಟ್ರಾನಿಕ್ಸ್‌ಗೆ ಒಪ್ಪಿಸಿದವು. 2019ರಲ್ಲಿ ಮಾರುಕಟ್ಟೆಗೆ ಬಂದ ಸ್ಟಿಲ್ ಎಂಎಸ್ 500ಐ ಕಾರ್ಬೋರೇಟರನ್ನೇ ಕೈಬಿಟ್ಟು ಇಂಜೆಕ್ಷನ್ ಅಳವಡಿಸಿಕೊಂಡಿತು.

ಜಾಗತಿಕ ಚರಿತ್ರೆಕಾರರು 2019ನ್ನು ಯುಗಾಂತರ ಎನ್ನಲಿ, ಅಡ್ಡಿಯಿಲ್ಲ. ಮುದಗಲ್ ಸೀಮೆಯ ಕಾಲವಿಭಜನೆಗೆ ಆ ವರ್ಷ ಹೊಂದುವುದಿಲ್ಲ. ಸ್ಕ್ರೂ ಇರುವ ಸಾದಾ ಕಾರ್ಬೋರೇಟರ್ ಹೊತ್ತ ಯಂತ್ರಕ್ಕೆ ನಿಜವಾದ ಗಡಿರೇಖೆ 2023. ಅಲ್ಲಿಂದಾಚೆಗೆ ಎಚ್ ಸ್ಕ್ರೂ ತುಸು ಬಿಚ್ಚಿ ಮಿಶ್ರಣ ದಪ್ಪಮಾಡಬಲ್ಲ ಕೈ, ಪೈಪು–ಡಯಾಫ್ರಮ್‌ಗಳನ್ನು ವೇಳೆಗೆ ಬದಲಿಸುವ ರೂಢಿ, ಎರಡೂ ಇಂಧನ ವ್ಯವಸ್ಥೆಯ ಅಂಗಗಳೇ ಆಗಿವೆ. ಕೈಪಿಡಿ ಬೇಡವೆಂದ ಪೆಟ್ರೋಲಿಗೆ ಸ್ಕ್ರೂ ಪೂರ್ಣ ಪರಿಹಾರವಲ್ಲ ನಿಜ. ಬಂಕಿನಲ್ಲಿ ಬೇರೆ ಪೆಟ್ರೋಲು ಸಿಗದವನಿಗೆ ಉಳಿದಿರುವ ದಾರಿ ಅದು. ಎಣ್ಣೆಯ ಅಳತೆ ಡಬ್ಬಿಯ ದರ್ಜೆ ನೋಡಿ ಕೈಪಿಡಿಯಂತೆ ಇರಲಿ. ಆದರೆ ಸೀಜ್ ಆದ ಯಂತ್ರ ಬಂದಾಗ "ಎಣ್ಣಿ ಎಷ್ಟ್ ಹಾಕಿದ್ರಿ?" ಎಂದು ಕೇಳುವ ಮೊದಲು ಗೀರು ಯಾವ ಮಗ್ಗುಲಿಗಿದೆ, ಸ್ಕ್ರೂ ಕೊನೆಯ ಸಲ ಹೊಂದಿಸಿದ್ದು ಯಾವ ಪೆಟ್ರೋಲಿಗೆ ಎಂದು ವಿಚಾರಿಸಬೇಕು. ಇದರ ಬಗ್ಗೆ ಬರೆಯುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.