ಗಾಳಿಗೆ ಎದುರು ಹೋಗೋ ದೋಣಿ

1/8
ದೋಸ್ತರೇ, ಕೊರ್ತಿ-ಕೊಲ್ಹಾರ ಬ್ರಿಡ್ಜ್ ಮ್ಯಾಲೆ ನಿಂತು ನೀವೆಲ್ಲ ಒಮ್ಮೆಯಾದರೂ ಫೋಟೊ ತೆಗೆಸಿಕೊಂಡೀರಿ. ಸುಮಾರು 3 ಕಿ.ಮೀ. ಉದ್ದದ ಸೇತುವೆ, ಎರಡೂ ಕಡೆ ನೀರು. ಹೊಸಬರು ಬಸ್ಸಿನ ಕಿಟಕಿಯಿಂದ ನೋಡಿ "ಇದೇನು ಸಮುದ್ರಾನ?" ಅಂತಾರ. ಮಳೆಗಾಲದಾಗ ಅಲ್ಲಿ ಬೈಕ್ ಹೊಡೆದವರಿಗೆ ಗಾಳಿ ಎಷ್ಟು ಜೋರು ಅಂತ ಹೇಳಬೇಕಾಗಿಲ್ಲ.

ಈಗ ಒಂದು ಪ್ರಶ್ನೆ. ಇಷ್ಟು ನೀರು, ಇಷ್ಟು ಗಾಳಿ. ಆದರೆ ಇಲ್ಲಿ ಹಾಯಿ ಬಿಚ್ಚಿದ ದೋಣಿ ಕಂಡವರು ನಮ್ಮೊಳಗೆ ಎಷ್ಟು ಮಂದಿ? ಹಾಯಿದೋಣಿ ಅಂದ್ರೆ ಕಾರವಾರ, ಗೋವಾ, ಮುಂಬೈದವರದು, ನಮ್ಮದಲ್ಲ ಅಂತ ನಾವು ಯಾಕೆ ಅಂದುಕೊಂಡೀವಿ? ಈ ಸಲದ ಸರಣಿ ಅದರ ಬಗ್ಗೆ. ಎಂಟು ಫೋಟೊ, ಎಂಟು ಕ್ಯಾಪ್ಶನ್. ನಿಧಾನಕ್ಕೆ ಓದ್ರಿ.

2/8
ಮೊದಲು ಹಳೆ ಕಥೆ. ನಮ್ಮ ಭಾಗದ ಇತಿಹಾಸದಲ್ಲಿ ಕೃಷ್ಣೆ ಅಂದ್ರೆ ದಾಟಬೇಕಾದ ನದಿ. ಈ ದಂಡೆಯಿಂದ ಆ ದಂಡೆಗೆ ಹೋದರೆ ಕೆಲಸ ಮುಗೀತು.

1520ರಲ್ಲಿ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹ ರಾಯಚೂರಿಗಾಗಿ ಕೃಷ್ಣೆ ದಾಟಿ ಹೋದ, ಕೃಷ್ಣದೇವರಾಯನ ಎದುರು ಸೋತ. ಹಿಂದೆ ಓಡಿಬಂದ ಸೈನಿಕರಲ್ಲಿ ಬಹಳ ಜನ ಇದೇ ನದಿಯಲ್ಲಿ ಸತ್ತರು. 1565ರ ಜನವರಿಯ ಯುದ್ಧ ಗೊತ್ತಲ್ಲ? ಪುಸ್ತಕದಲ್ಲಿ ತಾಳಿಕೋಟೆ ಅಂತಾರ, ನಮ್ಮವರು ರಕ್ಕಸಗಿ-ತಂಗಡಗಿ ಅಂತಾರ. ಅದರ ತಿರುವು ಕೂಡ ದಾಟುವ ಜಾಗದಲ್ಲೇ ಇತ್ತು. ವಿಜಯನಗರದವರು ನದಿ ದಾಟುವ ಕಡವನ್ನು ಕಾದು ಕೂತಿದ್ದರು. ಸುಲ್ತಾನರ ದಂಡು ಬೇರೆ ದಾರಿ ಹುಡುಕುವವರ ಹಾಗೆ ದಂಡೆಗುಂಟ ನಡೆದು ಅವರನ್ನು ಎಳೆದುಕೊಂಡು ಹೋಯಿತು. ಆಮೇಲೆ ಗಕ್ಕನೆ ಹಿಂದೆ ತಿರುಗಿ ಅದೇ ಕಡದಲ್ಲಿ ದಾಟಿಬಿಟ್ಟಿತು. ಇದನ್ನು ಬರೆದವನು ವಿಜಯಪುರದ ಆಸ್ಥಾನದಲ್ಲೇ ಇದ್ದ ಇತಿಹಾಸಕಾರ ಫರಿಶ್ತಾ.

ದಂಡಿನ ಮಾತು ಬಿಡ್ರಿ, ಸಾಮಾನ್ಯ ಜನ ಹೆಂಗ ದಾಟುತ್ತಿದ್ದರು? ಹರಿಗೋಲಿನಲ್ಲಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಡೊಮಿಂಗೊ ಪಾಯೆಸ್ ಬುಟ್ಟಿಯ ಆಕಾರದ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. 15-20 ಜನ ಕೂಡ್ತಿದ್ದರಂತೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಅದನ್ನು ನಡೆಸುವವರು ಅಂಬಿಗರು. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಕಾಯಕವೂ ಅದೇ.

3/8
ಈಗ ನಮ್ಮ ಅಜ್ಜ-ಅಮ್ಮಂದಿರು ಕಂಡ ಇತಿಹಾಸ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಜಲಾಶಯಕ್ಕೆ ಅವರದೇ ಹೆಸರು. ಕೆಲಸ ಮುಗಿಯೋದಕ್ಕೆ 2005 ಆಯ್ತು, ಅಂದ್ರೆ ಸುಮಾರು ನಲವತ್ತು ವರ್ಷ. ನೀರಿನ ಪೂರ್ಣ ಮಟ್ಟ 519.60 ಮೀಟರ್, ಹಿಡಿಯುವ ನೀರು 123 ಟಿಎಂಸಿ. ಈ ಎರಡು ಅಂಕಿ ನಮ್ಮ ಕಡೆ ಚಹಾದಂಗಡಿಯಲ್ಲೂ ಬಾಯಿಪಾಠ.

ಆ ಅಂಕಿಯ ಕೆಳಗೆ ಹಳೆ ಕೊಲ್ಹಾರ ಐತಿ. ಮನೆ, ಗುಡಿ, ಕಣ, ಹೊಲ. ಜನ ಎತ್ತರಕ್ಕೆ ಬಂದು ಹೊಸ ಊರು ಕಟ್ಟಿಕೊಂಡರು, ಗಡಿಗೆಯ ಮೊಸರನ್ನೂ ಜತೆಗೆ ತಂದರು. ಅದಕ್ಕೇ ಇವತ್ತಿಗೂ ಹೆದ್ದಾರಿಯಲ್ಲಿ ಕೊಲ್ಹಾರ ಅಂದ್ರೆ ಮೊಸರು. ಆದರೆ ನೀರಿನ ಜತೆಗಿನ ನಂಟು ಮೊದಲಿನಂತೆ ಉಳಿಯಲಿಲ್ಲ. ಮೊದಲು ಇದ್ದದ್ದು ಹರಿಯುವ ನದಿ, ಅದರ ಕಡ, ಸುಳಿ, ಮಡುವು ಹಿರಿಯರಿಗೆ ಗೊತ್ತಿತ್ತು. ಈಗಿನದು ನಿಂತ ನೀರು, ಮೈಲುಗಟ್ಟಲೆ ಅಗಲ. ನಮ್ಮ ಪೀಳಿಗೆಗೆ ಮನೆಯಲ್ಲಿ ಸಿಕ್ಕ ಪಾಠ ಒಂದೇ: "ನೀರಿನ ಕಡೆ ಹೋಗಬ್ಯಾಡ." ಅಂಜಿಕೆಗೆ ಕಾರಣ ಐತಿ, ತಪ್ಪು ಅನ್ನಂಗಿಲ್ಲ. ಆದರೆ ಅಂಜಿಕೆ ಒಂದನ್ನೇ ಕಲಿತರೆ ನೀರು ಪಕ್ಕದಲ್ಲೇ ಇದ್ದೂ ನಮ್ಮದಾಗಂಗಿಲ್ಲ.

4/8
ಈಗ ದೋಣಿಯ ಮಾತು. ಹರಿಗೋಲಿನ ತಳ ಸಪಾಟು. ಆಳ ಕಡಿಮೆ ಇದ್ದರೂ ತೇಲತೈತಿ, ಕಲ್ಲಿಗೆ ತಾಗಿದರೂ ಜಾರತೈತಿ. ನದಿ ದಾಟೋಕೆ ಅದಕ್ಕಿಂತ ಜಾಣ ದೋಣಿ ಇಲ್ಲ. ಆದರೆ ಹುಟ್ಟು ಬಿಟ್ಟರೆ ಗಿರಗಿರ ತಿರುಗತೈತಿ, ಗಾಳಿ ಯಾವ ಕಡೆ ನೂಕಿದರೆ ಆ ಕಡೆ ಹೋಗತೈತಿ. ಅದಕ್ಕೆ ಹಾಯಿ ಕಟ್ಟಿ ಉಪಯೋಗ ಇಲ್ಲ.

ಕೀಲ್‌ಬೋಟ್ ಇದಕ್ಕೆ ಪೂರಾ ಉಲ್ಟಾ. ಅದರ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆಯಂಥ ಭಾರವಾದ ಒಂದು ಹಲಗೆ ಕಾಯಂ ಆಗಿ ಇಳಿಬಿದ್ದಿರತೈತಿ. ಅದೇ ಕೀಲ್. ಅದಕ್ಕೆ ಎರಡು ಕೆಲಸ. ಒಂದು, ತೂಕ. ಗಾಳಿಗೆ ದೋಣಿ ವಾಲಿದರೆ ಕೆಳಗಿನ ಭಾರ ಅದನ್ನು ಮತ್ತೆ ಎಬ್ಬಿಸುತ್ತದೆ. ಜಾತ್ರೆಯಲ್ಲಿ ಸಿಗುವ ಬೀಳದ ಗೊಂಬೆ ನೆನಪಿಸಿಕೊಳ್ರಿ. ಎರಡು, ಅಡ್ಡ ಜಾರದಂತೆ ತಡೆಯುವುದು. ಗಾಳಿ ಹಾಯಿಯನ್ನು ಪಕ್ಕಕ್ಕೆ ನೂಕುತ್ತದೆ, ಕೀಲ್ ನೀರನ್ನು ಒತ್ತಿ ಹಿಡಿದು "ಪಕ್ಕಕ್ಕೆ ಬಿಡಂಗಿಲ್ಲ" ಅನ್ನುತ್ತದೆ. ಹಸಿ ಹುಣಸೆಬೀಜವನ್ನು ಎರಡು ಬೆರಳಿನಲ್ಲಿ ಒತ್ತಿದರೆ ಅದು ಮುಂದಕ್ಕೆ ಚಿಮ್ಮುತ್ತದಲ್ಲ, ಹಂಗೆ ಗಾಳಿ ಮತ್ತು ನೀರಿನ ನಡುವೆ ಸಿಕ್ಕ ದೋಣಿ ಮುಂದಕ್ಕೆ ಹೋಗುತ್ತದೆ.

ಜಗತ್ತಿನ ಎಷ್ಟೋ ಕ್ಲಬ್ಬುಗಳಲ್ಲಿ ಕಾಣುವ ಜೆ/24 ಅನ್ನೋ ಕೀಲ್‌ಬೋಟ್ ತಗೊಳ್ರಿ. ಅಮೆರಿಕದ ರಾಡ್ ಜಾನ್‌ಸ್ಟೋನ್ ಇದರ ಮೊದಲ ದೋಣಿಯನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟಿದ್ದು, 1977ರಿಂದ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಉದ್ದ 24 ಅಡಿ, ಒಟ್ಟು ತೂಕ ಸುಮಾರು 1,400 ಕೆ.ಜಿ. ಅದರಲ್ಲಿ ಸುಮಾರು 430 ಕೆ.ಜಿ. ಸಮತೋಲನಕ್ಕೆ ಅಂತಲೇ ಕೆಳಗೆ ಇಟ್ಟ ಭಾರ.

5/8
ಕಲಿಯೋದು ಹೆಂಗ? ಮೊದಲ ಪಾಠ ಗಾಳಿ ಎಲ್ಲಿಂದ ಬರತೈತಿ ಅಂತ ತಿಳಿಯುವುದು. ಇದು ನಮಗೆ ಹೊಸದಲ್ಲ. ಕಣದಲ್ಲಿ ರಾಶಿ ತೂರುವವರು ಮೊದಲು ಗಾಳಿ ನೋಡ್ತಾರ, ಆಮೇಲೆ ಮೊರ ಎತ್ತತಾರ.

ಎರಡನೇದು ಚುಕ್ಕಾಣಿ. ಅದರ ಹಿಡಿಕೆಯನ್ನು ಬಲಕ್ಕೆ ನೂಕಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಮೊದಲ ದಿನ ಎಲ್ಲರೂ ಇಲ್ಲೇ ಗೊಂದಲ ಬೀಳೋದು. ಮೂರನೇದು ಹಾಯಿಯ ಹಗ್ಗ. ಎಳೆದರೆ ಹಾಯಿ ಬಿಗಿಯಾಗಿ ವೇಗ ಬರತೈತಿ, ಬಿಟ್ಟರೆ ಹಾಯಿ ಪಟಪಟ ಬಡಿದು ದೋಣಿ ಮೆಲ್ಲಗಾಗತೈತಿ. ಅಂಜಿಕೆ ಆದಾಗ ಹಗ್ಗ ಸಡಿಲ ಬಿಡು ಅಂತ ಮೊದಲೇ ಹೇಳಿಕೊಡ್ತಾರ.

ನಾಲ್ಕನೇದೇ ಅಸಲಿ ಪಾಠ. ಯಾವ ಹಾಯಿದೋಣಿಯೂ ನೇರ ಗಾಳಿಯ ಮುಖಕ್ಕೆ ಹೋಗಲಾರದು. ಆದರೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲದು. ಸ್ವಲ್ಪ ದೂರ ಬಲಕ್ಕೆ ಓರೆ, ತಿರುಗಿಸಿ ಸ್ವಲ್ಪ ದೂರ ಎಡಕ್ಕೆ ಓರೆ. ಹೀಗೆ ಹಾವಿನ ನಡಿಗೆಯಲ್ಲಿ ಗಾಳಿ ಬರುವ ದಿಕ್ಕಿಗೇ ಹೋಗಿ ಮುಟ್ಟುತ್ತದೆ. ಇದಕ್ಕೆ ಟ್ಯಾಕಿಂಗ್ ಅಂತಾರ. "ಗಾಳಿ ಬಂದಾಗ ತೂರಿಕೋ" ಅಂತ ನಮ್ಮ ಗಾದೆ. ಎದುರುಗಾಳಿ ಬಂದಾಗಲೂ ಮುಂದೆ ಹೋಗುವ ಉಪಾಯ ಈ ದೋಣಿಗೆ ಗೊತ್ತು.

6/8
ಈಗ ಒಂದು ಹೆಸರು ಹೇಳ್ತೀನಿ: ಮಹದಾಯಿ. ಉತ್ತರ ಕರ್ನಾಟಕದವರಿಗೆ ಈ ಹೆಸರು ಕೇಳಿದರೆ ಕಳಸಾ-ಬಂಡೂರಿ, ಹೋರಾಟ, ಬಂದ್ ನೆನಪಾಗತೈತಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಹೋಗಿ ಮಾಂಡೋವಿ ಆಗುವ ನದಿ. ಗೋವಾದವರು ಮ್ಹಾದೆಯಿ ಅಂತಾರ.

ಅದೇ ಹೆಸರಿನ ಒಂದು ಹಾಯಿದೋಣಿ ಐತಿ: ಭಾರತೀಯ ನೌಕಾಪಡೆಯ ಐಎನ್‌ಎಸ್‌ವಿ ಮ್ಹಾದೆಯಿ. 56 ಅಡಿ ಉದ್ದ, ಗೋವಾದ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ ಅವರ ಯಾರ್ಡಿನಲ್ಲಿ ಕಟ್ಟಿದ್ದು, 2009ರ ಫೆಬ್ರುವರಿಯಲ್ಲಿ ನೌಕಾಪಡೆ ಸೇರಿತು. ಭಾರತೀಯನೊಬ್ಬ ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಬೇಕು ಅಂತ ಕನಸು ಕಂಡವರು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿ. ಸುತ್ತಿದವರು ದಿಲೀಪ ದೊಂದೆ. ಅವರು ಬರೀ ದೋಣಿ ನಡೆಸಲಿಲ್ಲ, ಅದನ್ನು ಕಟ್ಟುವಾಗಲೇ ಯಾರ್ಡಿಗೆ ಹೋಗಿ ಜತೆಗೆ ಕೆಲಸ ಮಾಡುತ್ತಾ ದೋಣಿಯ ಒಳಹೊರಗು ಕಲಿತರು. 2009ರ ಆಗಸ್ಟ್ 19ಕ್ಕೆ ಮುಂಬೈ ಬಿಟ್ಟು, ನಡುವೆ ನಾಲ್ಕು ಕಡೆ ನಿಂತು, 2010ರ ಮೇನಲ್ಲಿ ವಾಪಸ್ ಬಂದರು. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿ 2012ರ ನವೆಂಬರಿನಿಂದ 2013ರ ಮಾರ್ಚ್ ತನಕ ಎಲ್ಲೂ ನಿಲ್ಲದೆ ಸುತ್ತಿ ಬಂದರು.

ನಮ್ಮ ಕಡೆ ಹುಟ್ಟಿದ ನದಿಯ ಹೆಸರು ಹೊತ್ತ ದೋಣಿ ಎರಡು ಸಲ ಭೂಮಿ ಸುತ್ತಿ ಬಂತು. ನಮ್ಮ ಪಠ್ಯಪುಸ್ತಕ ಓದಿ ನನಗೆ ಇದು ತಿಳಿದದ್ದಲ್ಲ, ಅದಕ್ಕೇ ಇಲ್ಲಿ ಬರೆದೆ.

7/8
"ಅವರೆಲ್ಲ ನೌಕಾಪಡೆಯವರು, ಸಮುದ್ರದವರು" ಅಂತೀರಿ. ಇದನ್ನು ಓದ್ರಿ.

2017ರ ಸೆಪ್ಟೆಂಬರ್ 10ರಂದು ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ತಾರಿಣಿ ಅನ್ನೋ ದೋಣಿಯಲ್ಲಿ ಗೋವಾದಿಂದ ಹೊರಟು, 2018ರ ಮೇ 21ಕ್ಕೆ ಭೂಮಿ ಸುತ್ತಿ ಬಂದರು. ನಾಯಕಿ ವರ್ತಿಕಾ ಜೋಶಿ ಉತ್ತರಾಖಂಡದವರು, ಪ್ರತಿಭಾ ಜಾಮ್ವಾಲ್ ಹಿಮಾಚಲದ ಕುಲ್ಲು ಕಡೆಯವರು, ವಿಜಯಾ ದೇವಿ ಮಣಿಪುರದವರು. ಗುಡ್ಡಗಾಡಿನಿಂದ ಬಂದವರು ಮೊದಲು ತರಗತಿಯಲ್ಲಿ, ಆಮೇಲೆ ಮ್ಹಾದೆಯಿ ಮೇಲೆ ತಿಂಗಳುಗಟ್ಟಲೆ ಕಲಿತರು. ಅವರ ಗುರು ಅದೇ ದಿಲೀಪ ದೊಂದೆ.

ಅದಕ್ಕೂ ಮುಂಚೆ, 1985-87ರಲ್ಲಿ, ತೃಷ್ಣಾ ಅನ್ನೋ 37 ಅಡಿಯ ದೋಣಿಯಲ್ಲಿ ಭೂಮಿ ಸುತ್ತಿದವರು ಭೂಸೇನೆಯ ಎಂಜಿನಿಯರ್ ದಳದವರು. ನೆಲದ ಸಿಪಾಯಿಗಳು!

ಇನ್ನು ಕೆರೆಯ ಕಥೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸೇಲಿಂಗ್ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಹುಡುಗಿ. ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ನಮ್ಮ ಹತ್ತಿರದ ಹೈದರಾಬಾದಿನಲ್ಲಿ, 16ನೇ ಶತಮಾನದಲ್ಲಿ ಕಟ್ಟಿದ ಹುಸೇನ್ ಸಾಗರದ ಮೇಲೆ ಸೇನೆಯವರ ಕ್ಲಬ್ ಐತಿ. 2009ರಿಂದ ಯಾಟ್ ಕ್ಲಬ್ ಆಫ್ ಹೈದರಾಬಾದ್ ಕೂಡ ಐತಿ, ಅಲ್ಲಿ ಬಡ ಮನೆಯ ಮಕ್ಕಳೂ ಕಲಿತು ರಾಷ್ಟ್ರ ಮಟ್ಟಕ್ಕೆ ಹೋಗಿದ್ದಾರೆ. ಈ ಮಕ್ಕಳು ಶುರು ಮಾಡೋದು ಕೀಲ್ ಇಲ್ಲದ, ಹಲಗೆಯನ್ನು ಮೇಲೆ ಕೆಳಗೆ ಮಾಡಬಹುದಾದ ಸಣ್ಣ ದೋಣಿಯಲ್ಲಿ. ಕೀಲ್‌ಬೋಟ್ ಆಮೇಲಿನ ಮಾತು.

8/8
ಹಂಗಾದರೆ ಕೊಲ್ಹಾರದಾಗ ನಾಳೆ ಬೆಳಿಗ್ಗೆ ಕ್ಲಬ್ ಶುರು ಮಾಡೋಣೇನು? ಅಷ್ಟು ಸರಳ ಇಲ್ಲ. ಜೆ/24 ದೋಣಿಯ ಕೀಲ್ ನೀರಿನೊಳಗೆ ಸುಮಾರು 4 ಅಡಿ ಇಳಿಯುತ್ತದೆ. ನಮ್ಮ ಹಿನ್ನೀರಿನ ಮಟ್ಟ ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುತ್ತದೆ, ದಂಡೆಯೇ ಹಿಂದೆ ಸರಿಯುತ್ತದೆ. ಕೆಳಗೆ ಹಳೆ ಗೋಡೆ, ಗಿಡದ ಬೊಡ್ಡೆ, ಮೇಲೆ ಮೀನುಗಾರರ ಬಲೆ. ಅದಕ್ಕೇ ಇಲ್ಲಿ ಮೊದಲು ಬೇಕಾದದ್ದು ನೀರಿನ ಕೆಳಗಿನ ನಕ್ಷೆ. ಎಲ್ಲಿ ಓಣಿ ಇತ್ತು, ಎಲ್ಲಿ ಗುಡಿ, ಎಲ್ಲಿ ಬಾವಿ, ಎಲ್ಲಿ ಮಡುವು? ಅದು ನೆನಪಿರೋದು ಮುಳುಗಿದ ಊರಲ್ಲಿ ಬಾಳಿದ ಹಿರಿಯರಿಗೆ. ಅವರಿಗೆ ವಯಸ್ಸಾಗುತ್ತಿದೆ. ಅವರ ಜತೆ ಆ ನಕ್ಷೆಯೂ ಹೋಗಿಬಿಟ್ಟರೆ ಯಾವ ಪುಸ್ತಕದಲ್ಲೂ ಸಿಗಂಗಿಲ್ಲ.

ನಾವು ಮಾಡಬಹುದಾದದ್ದು ಮೂರು. ಈಜು ಕಲಿಯೋದು, ಬಲ್ಲವರ ಜತೆ, ಲೈಫ್ ಜಾಕೆಟ್ ಹಾಕಿಕೊಂಡು. ರೀಲ್ಸ್‌ಗಾಗಿ ಒಬ್ಬರೇ ನೀರಿಗೆ ಇಳಿಯಬ್ಯಾಡ್ರಿ. ಕಾಲೇಜಿಗೆ ದೊಡ್ಡ ಊರಿಗೆ ಹೋಗುವವರು ಎನ್‌ಸಿಸಿ ನೌಕಾ ವಿಭಾಗದ ಬಗ್ಗೆ ಕೇಳ್ರಿ, ಅಲ್ಲಿ ಕೆಡೆಟ್‌ಗಳಿಗೆ ಹುಟ್ಟು ಹಾಕೋದು, ಹಾಯಿ ನಡೆಸೋದು ಕಲಿಸ್ತಾರ. ಮೂರನೇದು, ಇವತ್ತು ಸಂಜೆ ಮನೆಯ ಹಿರಿಯರ ಹತ್ತಿರ ಒಂದು ಹಾಳೆ, ಪೆನ್ನು ಒಯ್ದು ಕೂಡ್ರಿ. ಹಳೆ ಊರಿನ ಚಿತ್ರ ಬರೆಸಿಕೊಳ್ರಿ. ಅವರಿಗೆ ಬರೆಯಾಕ ಆಗದಿದ್ದರೆ ಅವರು ಹೇಳಲಿ, ನೀವು ಬರೆಯಿರಿ.

ಬರೆದ ನಕ್ಷೆಯ ಫೋಟೊ ನನಗೆ ಕಳಿಸ್ರಿ. ಒಂದೊಂದು ಓಣಿಯಂತೆ ಜೋಡಿಸಿ ಮುಂದಿನ ಸರಣಿ ಮಾಡೋಣ.

#ಕೊಲ್ಹಾರ #ಕೃಷ್ಣೆ #ಹಳೆಕೊಲ್ಹಾರ #ಹಾಯಿದೋಣಿ #ನಮ್ಮಇತಿಹಾಸ