ಒಂದು ದಿನದ ಕಿರೀಟ

ಮದುವೆಯ ದಿನ ಮದುಮಗನನ್ನು ಅರಸನಂತೆ, ಮದುಮಗಳನ್ನು ಅರಸಿಯಂತೆ ಕಾಣುವ ರೂಢಿ ಹಲವು ಸಮುದಾಯಗಳಲ್ಲಿದೆ. ಗ್ರಂಥದವರಾದ ಯಹೂದಿಗಳು ಇದನ್ನು ಧಾರ್ಮಿಕ ಕರ್ತವ್ಯವೆಂದೇ ಭಾವಿಸಿದರು. ಆದರೆ ಬಡವರ ಮನೆಯ ಹೆಣ್ಣುಮಗಳಿಗೆ ಈ ಗೌರವ ದೊರಕುವುದು ಹೇಗೆ? ಅವರ ಇತಿಹಾಸದಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ನಾವು ತಿಳಿಯಬೇಕು.

ಯಹೂದಿ ಧರ್ಮವಿದ್ವಾಂಸರ ಚರ್ಚೆಗಳ ಸಂಗ್ರಹವೇ ತಲ್ಮೂದ್. ವಧುವಿನ ದಿಬ್ಬಣ ಹೊರಟಾಗ ತೌರಾತಿನ ಪಾಠವನ್ನೂ ನಿಲ್ಲಿಸಿ ಜನರು ಅದರೊಂದಿಗೆ ಹೋಗಬೇಕೆಂದು ಅದು ಹೇಳುತ್ತದೆ. ನಿಯಮದ ಪ್ರಕಾರ ದಿಬ್ಬಣವೇ ಅರಸನಿಗೆ ದಾರಿ ಬಿಡಬೇಕು. ಆದರೆ ಅಗ್ರಿಪ್ಪ ಎಂಬ ರಾಜನು ಮದುಮಗಳೊಬ್ಬಳಿಗೆ ತಾನೇ ದಾರಿ ಬಿಟ್ಟುಕೊಟ್ಟನು. ವಿದ್ವಾಂಸರು ಅವನನ್ನು ಮೆಚ್ಚಿದರು. ತನಗೆ ಕಿರೀಟ ದಿನವೂ ಇದೆ, ಅವಳಿಗಾದರೋ ಇದೊಂದು ಗಳಿಗೆ ಮಾತ್ರ ಎಂಬುದು ಅವನು ಕೊಟ್ಟ ಕಾರಣ.

ಮದುಮಗಳನ್ನು ಯಾವ ಮಾತಿನಿಂದ ಹೊಗಳಬೇಕೆಂಬ ವಿಷಯದಲ್ಲೂ ಚರ್ಚೆ ನಡೆಯಿತು. ಇದ್ದುದನ್ನು ಇದ್ದಂತೆ ಹೇಳಬೇಕು, ಸುಳ್ಳು ಸಲ್ಲದು ಎಂದರು ಶಮ್ಮಾಯ್ ಅವರ ಶಿಷ್ಯರು. ಹಿಲ್ಲೆಲ್ ಅವರ ಶಿಷ್ಯರು ಪ್ರತಿಯೊಬ್ಬ ಮದುಮಗಳೂ ಸುಂದರಿ, ಗುಣವಂತೆ ಎಂದೇ ಹಾಡಬೇಕೆಂದರು. ಯಾರಾದರೂ ಪೇಟೆಯಿಂದ ಒಂದು ವಸ್ತು ಕೊಂಡು ತಂದರೆ ಅವನೆದುರಲ್ಲಿ ಅದನ್ನು ಹಳಿಯುತ್ತೇವೆಯೇ ಎಂದು ಅವರು ಕೇಳಿದರು. ಕೊನೆಗೆ ಉಳಿದುದು ಹಿಲ್ಲೆಲ್ ಪಂಥದ ರೂಢಿ. ಕುರೂಪಿಯೆಂದು ಜನ ಆಡಿಕೊಳ್ಳುವ ಹೆಣ್ಣಿಗೂ ಅಂದು ಹೊಗಳಿಕೆ ಖಚಿತವಾಯಿತು.

ಸುಮಾರು ಕ್ರಿ.ಶ. 200ರ ವೇಳೆಗೆ ಸಂಗ್ರಹವಾದ ಮಿಶ್ನಾ ಗ್ರಂಥವು ಇನ್ನೊಂದು ಪದ್ಧತಿಯನ್ನು ದಾಖಲಿಸಿದೆ. ವರ್ಷದ ಎರಡು ಹಬ್ಬದ ದಿನಗಳಂದು ಜೆರುಸಲೇಮಿನ ಕನ್ಯೆಯರು ಬಿಳಿ ಉಡುಪು ಧರಿಸಿ ದ್ರಾಕ್ಷಿ ತೋಟಗಳಿಗೆ ಹೋಗುತ್ತಿದ್ದರು. ಆ ಉಡುಪನ್ನು ಎಲ್ಲರೂ ಎರವಲು ಪಡೆದೇ ಧರಿಸಬೇಕಿತ್ತು. ಇಲ್ಲದವಳಿಗೆ ನಾಚಿಕೆಯಾಗಬಾರದೆಂಬುದೇ ಇದರ ಉದ್ದೇಶ. ಅನಾಥೆಯ ಮದುವೆಗೆ ಕನಿಷ್ಠ 50 ಝೂಝ್ ನಾಣ್ಯ ಕೊಡಬೇಕು, ದಾನದ ನಿಧಿಯಲ್ಲಿ ಹಣವಿದ್ದರೆ ಅವಳ ಘನತೆಗೆ ತಕ್ಕಂತೆ ಕೊಡಬೇಕು ಎಂದೂ ಅಲ್ಲಿ ವಿಧಿಸಲಾಗಿದೆ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡಿದರು. ರೋಮನ್ನರೊಂದಿಗಿನ ಯುದ್ಧಗಳ ಕಾಲದಲ್ಲಿ ವಿದ್ವಾಂಸರು ಮೊದಲು ವರನ ಕಿರೀಟವನ್ನು, ಮುಂದೆ ವಧುವಿನ ಕಿರೀಟವನ್ನು ನಿಷೇಧಿಸಿದರು. ಮದುವೆಯಲ್ಲಿ ಗಾಜಿನ ಲೋಟ ಒಡೆಯುವುದು ಇಂದಿಗೂ ಆ ದುಃಖದ ನೆನಪು. ಕಿರೀಟ ಹೋದರೂ ಏಳು ದಿನಗಳ ಔತಣ ಮತ್ತು ಹರಕೆಗಳು ಉಳಿದವು.

ಫಾತಿಮಿಗಳ ಕಾಲದ ಕೈರೋದ ಯಹೂದಿ ಮದುವೆ ಪತ್ರಗಳು ಅಲ್ಲಿನ ಬೆನ್ ಎಜ್ರಾ ಸಿನಗಾಗಿನಲ್ಲಿ ಸಿಕ್ಕಿವೆ. ವರನು ಕೊಡಬೇಕಾದ ಹಣವನ್ನು ಅವು ಎರಡು ಭಾಗ ಮಾಡಿ ಬರೆದಿವೆ: ಒಂದು ಮದುವೆಯ ಸಮಯದಲ್ಲಿ ಕೊಡತಕ್ಕದ್ದು, ಇನ್ನೊಂದು ವಿಚ್ಛೇದನ ಅಥವಾ ಮರಣದ ಸಂದರ್ಭದಲ್ಲಿ ಸಲ್ಲತಕ್ಕದ್ದು. ಮಹ್ರ್‌ನ ಮುಅಜ್ಜಲ್ ಮತ್ತು ಮುಅಖ್ಖರ್‌ಗಳನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಹೊಗಳಿಕೆಯ ಹಾಡು ಮುಗಿದ ಮೇಲೂ ಹೆಣ್ಣಿನ ಕೈಯಲ್ಲಿ ಉಳಿದ ಗೌರವವೆಂದರೆ ಈ ಪತ್ರ.

1615ರಲ್ಲಿ ಆಮ್ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯಹೂದಿಗಳು ಅನಾಥ ಮತ್ತು ಬಡ ಹೆಣ್ಣುಮಕ್ಕಳ ಮದುವೆಗಾಗಿ ಒಂದು ಸಂಘ ಕಟ್ಟಿದರು. ಅದು ಚೀಟಿ ಎತ್ತಿ ಸಹಾಯಧನ ಹಂಚುತ್ತಿತ್ತು. ಬೇರೆ ದೇಶಗಳಲ್ಲಿ ಚದುರಿಹೋಗಿದ್ದ ತಮ್ಮವರ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿತ್ತು.

ಮದುವೆಯ ವೈಭವಕ್ಕೆ ನಾವು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಎಣಿಸುವುದು ಅತಿಥಿಗಳನ್ನು, ಖಾದ್ಯಗಳನ್ನು. ಎರವಲು ಉಡುಪಿನ ಆ ಹಳೆಯ ನಿಯಮ ಮಾಡಿದವರು ಸಾಲಿನ ಕೊನೆಯಲ್ಲಿ ನಿಂತ ಹುಡುಗಿಯ ಮುಖವನ್ನು ನೋಡಿದ್ದರು. ನಮ್ಮ ಮುಂದಿನ ಮದುವೆಯ ಲೆಕ್ಕದಲ್ಲಿ ಅವಳಿಗೂ ಒಂದು ಸಾಲು ಇರಲಿ.